ಡುಮ್ಮಿಗೆ ಹತ್ತಕ್ಕೆ ಹತ್ತು

"ಡುಮ್ಮಿ ಒಂದನೇ ಕ್ಲಾಸ್ ಪಾಸಾದ್ಲು," ಎಂದ ಅಣ್ಣ. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

"ಯಾವ ಡುಮ್ಮಿ?" ಎಂದು ಅಮ್ಮ ಬಟ್ಟೆ ಮಡಚುತ್ತಲೇ ಕೇಳಿದಳು.

"ನಮ್ಮನೇಲಿ ಎಷ್ಟು ಜನ ಡುಮ್ಮಿ ಇದಾರಮ್ಮ?"

ಅಮ್ಮ ನನ್ನ ಕಡೆ ನೋಡಿದಳು. ಕಾಲೇಜಿನಲ್ಲಿ ಎರಡು ವಿಷಯ ಬಾಕಿ ಉಳಿಸಿಕೊಂಡು ಮನೆಯಲ್ಲಿ ಮೂರು ಹೊತ್ತು ತಿನ್ನುತ್ತಿದ್ದವಳು ನಾನೇ. ನಾನು ಬ್ರೆಡ್ ತಿನ್ನುವುದನ್ನು ನಿಲ್ಲಿಸಲಿಲ್ಲ.

ಅಸಲಿ ಡುಮ್ಮಿ, ಅಣ್ಣನ ಮಗಳು, ಚಾಪೆಯ ಮೇಲೆ ಕೂತು ಮರದ ಸೌಟು ಕಚ್ಚುತ್ತಿದ್ದಳು. ಅವಳಿಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಹಲ್ಲು ನಾಲ್ಕು, ನಿಲ್ಲಲು ಗೋಡೆ ಬೇಕು, ಮಾತು ಒಂದೂ ಇಲ್ಲ. ಅವಳು ಪಾಸಾದಳು ಎಂದರೆ ಮನೆಯಲ್ಲಿ ಸಂಭ್ರಮವಾಗಬೇಕಿತ್ತು. ಅಣ್ಣ ಫೋನನ್ನು ಆರತಿ ತಟ್ಟೆಯ ಹಾಗೆ ಹಿಡಿದು ಎಲ್ಲರ ಮುಂದೆ ಸುತ್ತಿಸಿದ. ಬಲೂನುಗಳ ನಡುವೆ ನಗುವ ಕರಡಿ, ಅದರ ಕೆಳಗೆ ಡುಮ್ಮಿಯ ಹೆಸರು. ನೋಡಿ ಗುರುತಿಸುವುದು, ಹತ್ತಕ್ಕೆ ಎಂಟು. ಕೇಳಿ ಗುರುತಿಸುವುದು, ಹತ್ತಕ್ಕೆ ಒಂಬತ್ತು.

ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದಳು.

"ಹಿಂದಿನಿಂದ ಕರೆದ್ರೆ ತಿರುಗಲ್ಲ ಕಣೋ ಇವಳು. ಕೇಳೋದ್ರಲ್ಲಿ ಒಂಬತ್ತು ಹೇಗೆ ಬಂತು?"

ಅಡುಗೆಮನೆಯಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುತ್ತಿದ್ದ ಸದ್ದು ನಿಂತಿತು. ಅಣ್ಣ ಅತ್ತ ನೋಡಿ, ಅಮ್ಮನ ಕಡೆ ಹುಬ್ಬು ಗಂಟಿಕ್ಕಿ, ಎರಡನೇ ಚಪ್ಪಲಿ ಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಯಿತು. ಆದರೆ ಆ ಈರುಳ್ಳಿ ಏನು ತಪ್ಪು ಮಾಡಿತ್ತೋ ಪಾಪ, ಅಷ್ಟು ಜೋರಾಗಿ ಬೀಳುತ್ತಿತ್ತು ಚಾಕು.

ಈ ಅಂಕ ಕೊಡುವ ಯಂತ್ರ ನಮ್ಮ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಣ್ಣ ಮನೆಬಳಕೆ ಸಾಮಾನು ಮಾರುವ ಮೂರು ಮಹಡಿಯ ಅಂಗಡಿಯಲ್ಲಿ ಸೇಲ್ಸ್‌ಮನ್. ಹಾಲು ಕುಡಿಯುವ ಮಕ್ಕಳಿಗೆಂದೇ ಮಾಡಿದ ವಿಡಿಯೋ ಗೇಮ್ ಒಂದು ಹೊಸದಾಗಿ ಬಂದಾಗ, ಮೊದಲನೇ ಪೆಟ್ಟಿಗೆಯನ್ನು ಕೆಲಸಗಾರರಿಗೆ ಕೊಡುವ ಬೆಲೆಗೆ ತಾನೇ ಕೊಂಡುಕೊಂಡು ಬಂದಿದ್ದ. ಊಟದ ತಟ್ಟೆಯಷ್ಟು ಅಗಲದ ಮೆತ್ತನೆಯ ಹಲಗೆ. ಅದರ ಮೇಲೆ ಅಂಗೈಯಗಲದ ನಾಲ್ಕು ಗುಂಡಿ, ಹಸುವಿಗೆ ಕೆಂಪು, ನಾಯಿಗೆ ಹಳದಿ, ಬೆಕ್ಕಿಗೆ ನೀಲಿ, ಕೋಳಿಗೆ ಹಸಿರು. ಒಂದು ವೈರಿನಿಂದ ಟಿವಿಗೆ ಸಿಕ್ಕಿಸಿದರೆ ಹೆಂಗಸೊಬ್ಬಳು ಸಕ್ಕರೆ ಸುರಿದ ದನಿಯಲ್ಲಿ ಪಾಠ ಶುರುಮಾಡುತ್ತಿದ್ದಳು. ಅವಳಿಗೆ ನಾವು ಟೀಚರಮ್ಮ ಎಂದು ಹೆಸರಿಟ್ಟೆವು. ಮೊದಲ ಪಾಠದಲ್ಲಿ ಪರದೆಯ ಮೇಲೆ ಹಸು ಬರುತ್ತದೆ, ಮಗು ಹಸುವಿನ ಗುಂಡಿ ಒತ್ತಬೇಕು. ಎರಡನೆಯ ಪಾಠದಲ್ಲಿ ಪರದೆ ಪೂರ್ತಿ ಕಪ್ಪು, ಹಸುವಿನ ಕೂಗು ಮಾತ್ರ ಕೇಳಿಸುತ್ತದೆ. ಮಗುವಿನ ಮನಸ್ಸಿಗೆ ನೋವಾಗಬಾರದೆಂದು ಟೀಚರಮ್ಮ ತಪ್ಪುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ದಿನದ ಎಲ್ಲ ಆಟಗಳಲ್ಲಿ ಅತಿ ಒಳ್ಳೆಯದನ್ನು ಆರಿಸಿ ಮಗುವಿನ ಅಪ್ಪನ ಫೋನಿಗೆ ಕಳಿಸುತ್ತಾಳೆ.

"ಇಂಥಾ ಟೀಚರ್ ನನಗೆ ಸಿಕ್ಕಿದ್ರೆ ನಾನು ಡಾಕ್ಟ್ರಾಗ್ತಿದ್ದೆ," ಎಂದು ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಅಮ್ಮನ ಮಾತನ್ನು ಅವತ್ತು ಯಾರೂ ತಲೆಗೆ ಹಾಕಿಕೊಳ್ಳದಿದ್ದುದಕ್ಕೆ ಕಾರಣವಿತ್ತು. ಅಮ್ಮನಿಗೆ ಅನುಮಾನ ಎನ್ನುವುದು ಊಟ ತಿಂಡಿಯ ಹಾಗೆ. ಮೊಟ್ಟೆಯವನು ಒಡೆದ ಮೊಟ್ಟೆ ಅಡಿಗೆ ಇಡುತ್ತಾನೆ, ಗ್ಯಾಸ್ ಸಿಲಿಂಡರ್ ಪೂರ್ತಿ ತುಂಬಿರುವುದಿಲ್ಲ, ಎದುರು ಮನೆಯವಳು ನಕ್ಕರೆ ಏನೋ ಕೇಳಲು ಬಂದಿದ್ದಾಳೆ, ಭಾನುವಾರ ನನಗೆ ಸ್ಪೆಷಲ್ ಕ್ಲಾಸ್ ಇಲ್ಲ. ಕೊನೆಯದೊಂದು ನಿಜ. ಉಳಿದವುಗಳಿಗೆ ಸಾಕ್ಷಿ ಸಿಕ್ಕಿರಲಿಲ್ಲ. ಇಂಥವಳು ಮೊಮ್ಮಗಳ ಕಿವಿಯ ಮೇಲೂ ಅನುಮಾನಪಟ್ಟರೆ ಅದೂ ಆ ಪಟ್ಟಿಗೇ ಸೇರಿತು.

ಇನ್ನೊಂದು ಕಾರಣ ಅಪ್ಪ. ಅಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ ಆಯಸ್ಸೆಲ್ಲ ದುಡಿದವನು. ಮಗ್ಗಗಳ ಆ ಗದ್ದಲಕ್ಕೆ ಅವನ ಕಿವಿ ಎಂದೋ ಬಾಗಿಲು ಹಾಕಿಕೊಂಡಿದ್ದವು. ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೂಗುವ ರೂಢಿಯೇ ಇಲ್ಲ. ಹತ್ತಿರ ಹೋಗಿ ಭುಜ ಮುಟ್ಟುತ್ತೇವೆ, ಎದುರಿಗೆ ನಿಂತು ಮುಖ ತೋರಿಸಿ ಮಾತಾಡುತ್ತೇವೆ. ಊಟಕ್ಕೆ ಏಳು ಎನ್ನಲು ಅಮ್ಮ ಲೈಟು ಎರಡು ಸಲ ಆರಿಸಿ ಹಚ್ಚುತ್ತಾಳೆ. ಕಾಲೇಜಿನ ಗೆಳತಿಯೊಬ್ಬಳು ಮನೆಗೆ ಬಂದವಳು, ನಿಮ್ಮ ಮನೆಯವರೆಲ್ಲ ಪೊಲೀಸರ ಥರ ಹೆಗಲ ಮೇಲೆ ಕೈ ಹಾಕ್ತಾರಲ್ಲೇ ಎಂದಿದ್ದಳು. ಡುಮ್ಮಿ ಹುಟ್ಟಿದ ಮೇಲೆ ಅವಳಿಗೂ ಹಾಗೇ ಮಾಡಿದೆವು. ಅಂಗಾಲು ಮುಟ್ಟಿದರೆ ಏಳುತ್ತಾಳೆ, ಮುಖ ಕಂಡರೆ ನಗುತ್ತಾಳೆ, ಕೈ ಚಾಚಿದರೆ ಬರುತ್ತಾಳೆ. ಎಷ್ಟು ಗದ್ದಲವಿದ್ದರೂ ಮಲಗಿದ ಮಗು ಮಲಗಿಯೇ ಇರುತ್ತದೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅತ್ತಿಗೆ ಹೆಮ್ಮೆಪಡುತ್ತಿದ್ದಳು.

ಮುಂದಿನ ವಾರ ಅಮ್ಮ ತನಿಖೆಗೆ ಇಳಿದಳು.

ಅಣ್ಣ, ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಡುಮ್ಮಿಯನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದಳು. ಬೀಗದ ಕೈ ಗೊಂಚಲು ಅಲ್ಲಾಡಿಸಿದಳು. ಹೆಸರು ಹಿಡಿದು ಕರೆದಳು. ಡುಮ್ಮಿ ಕಿಟಕಿಯ ಸರಳಿನ ಮೇಲಿದ್ದ ಇರುವೆ ನೋಡುತ್ತ ಕೂತೇ ಇದ್ದಳು. ಅದೇ ಅಮ್ಮನ ನೆರಳು ಗೋಡೆಯ ಮೇಲೆ ಬಿದ್ದಾಗ ತಕ್ಷಣ ತಿರುಗಿ ನಾಲ್ಕೂ ಹಲ್ಲು ತೋರಿಸಿದಳು. ಇದನ್ನೆಲ್ಲ ಅಮ್ಮ ನನಗೆ ಬಟ್ಟೆ ಒಣಗಿಸುವ ಮಹಡಿಯ ಮೇಲೆ, ಹಸಿ ಟವೆಲಿನ ಹಿಂದೆ ನಿಂತು ಪಿಸುಗುಟ್ಟಿದಳು. ಪಕ್ಕದ ಮಹಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಟವೆಲ್ ಸರಿಸಿ ಒಮ್ಮೆ ನೋಡಿಕೊಂಡಳು.

"ನಿಮ್ಮಪ್ಪನ ಜೊತೆ ಇಷ್ಟು ವರ್ಷ ಬಾಳಿದೀನಿ. ಕೇಳ್ದೇ ಇರೋರು ಬಾಯಿ ನೋಡ್ತಾರೆ. ಇವಳೂ ಕಣ್ಣು ನೋಡಲ್ಲ, ಬಾಯಿ ನೋಡ್ತಾಳೆ."

ನಾನು, ಮಕ್ಕಳೆಲ್ಲ ಬಾಯಿ ನೋಡುತ್ತಾರಮ್ಮ, ಊಟ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗಬೇಡವಾ ಎಂದೆ. ಅಮ್ಮ ನನ್ನ ತಲೆಗೊಂದು ಮೊಟಕಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಮ್ಮ ಮಾತಿಲ್ಲದೆ ಎದ್ದು, ಡುಮ್ಮಿಯ ಬೆನ್ನ ಹಿಂದೆ ಸ್ಟೀಲಿನ ದೊಡ್ಡ ಮುಚ್ಚಳವನ್ನು ಕೈಬಿಟ್ಟಳು. ನನ್ನ ಕೈಯಲ್ಲಿದ್ದ ಆಲೂಗಡ್ಡೆ ಹಾರಿ ಅಣ್ಣನ ನೀರಿನ ಲೋಟಕ್ಕೆ ಬಿತ್ತು. ಅಪ್ಪ ಊಟ ಮಾಡುತ್ತಲೇ ಇದ್ದ. ಡುಮ್ಮಿ ತಲೆ ತಿರುಗಿಸಿದಳು.

"ನೋಡಿದ್ರಾ?" ಎಂದು ಅತ್ತಿಗೆ ಎದ್ದೇ ನಿಂತಳು. "ತಿರುಗಿದ್ಲು. ಈಗ ಸಮಾಧಾನ ಆಯ್ತಾ ಅತ್ತೆ?"

"ಮುಚ್ಚಳ ಉರುಳಿ ಅವಳ ಕಾಲ ಹತ್ರ ಬಂತಲ್ಲಮ್ಮ. ಅದನ್ನ ಕಂಡು ತಿರುಗಿದ್ಲು."

"ಅಂದ್ರೆ ನನ್ನ ಮಗುಗೆ ಏನೋ ಐಬು ಇದೆ ಅಂತ ಆಗ್ಲೇಬೇಕಾ ನಿಮಗೆ?"

"ಆಗ್ಲಿ ಅಂತ ಯಾರು ಹೇಳಿದ್ರು? ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸಿ ಅಂದೆ ಅಷ್ಟೇ."

ಅತ್ತಿಗೆ ಕೊರಿಯರ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ಜನರ ಬೈಗುಳ ತಿನ್ನುವವಳು. ಅಲ್ಲಿ ಬಾಯಿ ಬಿಡುವ ಹಾಗಿಲ್ಲ. ಮನೆಯಲ್ಲಿ ಬಿಟ್ಟಳು. ಹೆರಿಗೆಯಾದಾಗ ಆಸ್ಪತ್ರೆಯವರೇ ಎಲ್ಲ ಸರಿ ಇದೆ ಎಂದಿದ್ದಾರೆ, ಮಗು ತೂಕ ಸರಿ ಇದೆ, ತನ್ನ ತವರಿನಲ್ಲಿ ಯಾರಿಗೂ ಕಿವಿ ಹೋಗಿಲ್ಲ, ಹೋಗಿರುವುದು ಯಾರ ಕಡೆ ಎಂದು ಎಲ್ಲರಿಗೂ ಗೊತ್ತು. ಅಪ್ಪನ ಕಿವಿ ಹೋದದ್ದು ಮಗ್ಗದಿಂದ, ರಕ್ತದಿಂದಲ್ಲ ಎಂದು ಅಮ್ಮ ತಿರುಗಿಸಿ ಕೊಟ್ಟಳು. ಅಪ್ಪ ಇಬ್ಬರ ಬಾಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿ, ಉಪ್ಪು ಕಡಿಮೆಯಾಗಿದೆ ಎಂಬುದರ ಮೇಲೆ ಜಗಳ ಎಂದುಕೊಂಡು, "ನನಗೆ ಸರಿಯಾಗೇ ಇದೆ," ಎಂದ.

ಅಣ್ಣ ತನ್ನ ಫೋನ್ ತೆಗೆದು ಊಟದ ನಡುವೆ ಇಟ್ಟ. ಶನಿವಾರ, ಕೇಳಿ ಗುರುತಿಸುವುದು, ಹತ್ತಕ್ಕೆ ಒಂಬತ್ತು.

"ಅಮ್ಮ, ನಿನ್ನ ಮುಚ್ಚಳ ದೊಡ್ಡದೋ, ಕಂಪನಿಯವರು ದೊಡ್ಡೋರೋ? ಸುಮ್ನೆ ಕೊಡ್ತಾರಾ ಒಂಬತ್ತು?"

ಈ ಅಂಕಗಳ ಮೇಲೆ ಅಣ್ಣನಿಗೆ ಹೆತ್ತ ತಂದೆಯ ಹೆಮ್ಮೆ ಮಾತ್ರ ಇರಲಿಲ್ಲ. ಅಂಗಡಿಯಲ್ಲಿ ಆ ಪೆಟ್ಟಿಗೆ ಕೊಳ್ಳಲು ಹಿಂದೆಮುಂದೆ ನೋಡುವ ಗಿರಾಕಿಗಳಿಗೆ ಅವನು ಡುಮ್ಮಿಯ ಅಂಕ ತೋರಿಸುತ್ತಿದ್ದ. ನನ್ನ ಸ್ವಂತ ಮಗಳು ಸಾರ್, ಇನ್ನೂ ನಡೆಯೋಕೆ ಬರಲ್ಲ, ನೋಡಿ ಎನ್ನುತ್ತಿದ್ದ. ಪೆಟ್ಟಿಗೆಗಳು ಹೋಗುತ್ತಿದ್ದವು. ಮ್ಯಾನೇಜರ್ ಬೆನ್ನು ತಟ್ಟಿದ್ದ. ಹಿಂದಿನ ವರ್ಷವೆಲ್ಲ ಫ್ಯಾನ್ ಮಾರಲಾರದೆ ಬೈಸಿಕೊಂಡಿದ್ದ ಅಣ್ಣ ಈಗ ಬೆಳಿಗ್ಗೆ ಶಿಳ್ಳೆ ಹಾಕುತ್ತ ಚಪ್ಪಲಿಗೆ ಪಾಲಿಶ್ ಉಜ್ಜುತ್ತಿದ್ದ.

ಅಮ್ಮನಿಗೆ ಇದರಿಂದ ಬೇರೊಂದು ಅನುಮಾನ ಹುಟ್ಟಿತು. ಮಗು ಒತ್ತುತ್ತಿಲ್ಲ, ಆದರೂ ಅಂಕ ಬರುತ್ತಿದೆ. ಹಾಗಾದರೆ ಮಗುವಿನ ಬದಲು ಯಾರೋ ಒತ್ತುತ್ತಿದ್ದಾರೆ.

ಮೊದಲು ಸಿಕ್ಕಿಬಿದ್ದವಳು ನಾನು. ನನಗೆ ಮಧ್ಯಾಹ್ನವೇ ಕಾಲೇಜು ಬಿಡುತ್ತದೆ, ಆಟವೆಂದರೆ ಪ್ರಾಣ, ಮೇಲಾಗಿ ಮುಖದಲ್ಲಿ ಕಳ್ಳಕಳೆ ಇದೆಯಂತೆ. ನಾನು ಕಾಮರ್ಸ್ ಓದುತ್ತಿರುವುದು, ಹಸು ಗುರುತಿಸಿ ಭೇಷ್ ಅನ್ನಿಸಿಕೊಳ್ಳುವ ದುರ್ಗತಿ ಇನ್ನೂ ಬಂದಿಲ್ಲ ಎಂದೆ. ನಿಜ ಹೇಳಬೇಕೆಂದರೆ ಒಂದು ದಿನ ಆಡಿದ್ದೆ, ಕೋಳಿಯ ಗುಂಡಿ ತುಂಬಾ ಮುದ್ದಾಗಿತ್ತು. ಆದರೆ ಎಂಟನೆಯದಕ್ಕೆ ಬೇಜಾರಾಗಿ ಬಿಟ್ಟಿದ್ದೆ.

ಆಮೇಲೆ ಅಪ್ಪನ ಮೇಲೆ ತಿರುಗಿತು. ಅಪ್ಪ ದಿನಾ ಡುಮ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೀಚರಮ್ಮನ ಮುಂದೆ ಕೂರುತ್ತಿದ್ದ. ಇಬ್ಬರಿಗೂ ಒಳ್ಳೆಯ ಜೋಡಿ. ಅಮ್ಮ ಎರಡು ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ಕಾದಳು. ಮೂರನೆಯ ದಿನ ತಾನೇ ತೀರ್ಪು ಕೊಟ್ಟಳು.

"ನಿಮ್ಮಪ್ಪ ಅಲ್ಲ. ಅವರು ಒತ್ತಿದ್ರೆ ಸೊನ್ನೆ ಬರ್ಬೇಕಿತ್ತು."

ಉಳಿದವಳು ಅತ್ತಿಗೆ. ಹೆತ್ತವಳಿಗೆ ಒಪ್ಪಿಕೊಳ್ಳಲು ಕಷ್ಟ, ಕೆಲಸಕ್ಕೆ ಹೋಗುವ ಮುಂಚೆ ಕೂತು ತಾನೇ ಒತ್ತುತ್ತಾಳೆ ಎಂದು ಅಮ್ಮ ನನ್ನ ಹತ್ತಿರ ಹೇಳಿದಳು. ಅದೇ ಸಂಜೆ ಅತ್ತಿಗೆ ನನ್ನನ್ನು ಬಚ್ಚಲ ಬಾಗಿಲಲ್ಲಿ ಹಿಡಿದು ನಿಲ್ಲಿಸಿ, ಬಟ್ಟೆಯ ನೀರು ಹಿಂಡುತ್ತ, ನಿಮ್ಮಮ್ಮ ದಿನವಿಡೀ ಮಗುವಿನ ಜೊತೆ ಇರುತ್ತಾರಲ್ಲ, ಪಾಠ ಹಚ್ಚುತ್ತಾರೋ ಇಲ್ಲವೋ, ಹಚ್ಚಿಯೂ ಒತ್ತದ ಹಾಗೆ ಮಗುವಿನ ಕೈ ಹಿಡಿದುಕೊಳ್ಳುತ್ತಾರೋ ನೋಡು ಎಂದಳು. ಅಮ್ಮನ ಅನುಮಾನ ಅತ್ತಿಗೆಗೆ, ಅತ್ತಿಗೆಯದು ಅಮ್ಮನಿಗೆ. ನಡುವೆ ನಾನು ಅಂಚೆಯವಳು. ಆ ವಾರ ಇಬ್ಬರೂ ನನಗೆ ಬೇರೆಬೇರೆಯಾಗಿ ಮೊಟ್ಟೆ ಬೇಯಿಸಿಕೊಟ್ಟರು, ಸುಳ್ಳೇಕೆ ಹೇಳಲಿ.

ಆದರೆ ನನಗೂ ಒಂದು ವಿಷಯ ಕೊರೆಯಲು ಶುರುವಾಗಿತ್ತು. ಎದುರು ಮನೆಯಲ್ಲಿ ಡುಮ್ಮಿಗಿಂತ ಎರಡು ತಿಂಗಳು ಚಿಕ್ಕದಾದ ಕೂಸಿತ್ತು. ಅದು ಬೆಳಗಾದರೆ ಬಾ ಬಾ ತಾ ತಾ ಎಂದು ಬೀದಿಗೇ ಭಾಷಣ ಮಾಡುತ್ತಿತ್ತು. ನಮ್ಮ ಡುಮ್ಮಿ ಹಿಂದೆ ಅಂಥದ್ದೇನೋ ಅನ್ನುತ್ತಿದ್ದವಳು ಈಗ ಮಾಡುತ್ತಿದ್ದುದು ಒಂದೇ ಸದ್ದು, ಉದ್ದಕ್ಕೆ, ಬಾಗಿಲಿನ ಕೀಲು ಕಿರುಗುಟ್ಟಿದ ಹಾಗೆ. ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾವುದೋ ಒಂದು ಪಕ್ಷಕ್ಕೆ ಸೇರಿದಂತಾಗುತ್ತಿತ್ತು.

ಮುಂದಿನ ವಾರ ಬುಧವಾರ ಸಂಜೆ ಅಣ್ಣ ಬರುವಾಗಲೇ ಹಾಡು ಹೇಳುತ್ತ ಬಂದ.

"ಹತ್ತಕ್ಕೆ ಹತ್ತು. ಇವತ್ತು ಕೇಳೋದ್ರಲ್ಲಿ ಹತ್ತಕ್ಕೆ ಹತ್ತು ನಿಮ್ಮ ಮೊಮ್ಮಗಳಿಗೆ."

ಅಮ್ಮ ಊಟಕ್ಕೆ ತಟ್ಟೆ ಹಾಕುತ್ತಿದ್ದಳು. ಎದ್ದು ಒಳಗೆ ಹೋದಳು. ಅಕ್ಕಿಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ವಾಪಸು ಬಂದವಳು ಅಕ್ಕಿ ಉದುರುತ್ತಿದ್ದ ಕರಿ ವೈರೊಂದನ್ನು ಅಣ್ಣನ ತಟ್ಟೆಯ ಮೇಲೆ ಇಟ್ಟಳು. ಟೀಚರಮ್ಮನನ್ನು ಟಿವಿಗೆ ಸಿಕ್ಕಿಸುವ ವೈರು.

"ನಿನ್ನೆ ರಾತ್ರಿ ಊಟ ಆದ್ಮೇಲಿಂದ ಇದು ನನ್ನ ಅಕ್ಕಿ ಡಬ್ಬದಲ್ಲಿತ್ತು. ಇವತ್ತು ಆ ಹಲಗೇನ ಯಾರೂ ಹಚ್ಚಿಲ್ಲ. ಈಗ ಹೇಳಪ್ಪ, ಪಾಸಾದೋರು ಯಾರು?"

ಅಣ್ಣ ವೈರನ್ನು ನೋಡಿದ, ಫೋನನ್ನು ನೋಡಿದ. ನೆಟ್‌ವರ್ಕ್ ತಡವಾಗಿ ಬರುತ್ತದೆ, ನಿನ್ನೆಯದು ಇವತ್ತು ಬಂದಿರುತ್ತದೆ, ಕಂಪನಿಯ ಕಂಪ್ಯೂಟರ್ ಬೇರೆ ದೇಶದಲ್ಲಿದೆ, ಅಲ್ಲಿ ರಾತ್ರಿ ಇಲ್ಲಿ ಹಗಲು ಎಂದೆಲ್ಲ ಹೇಳಿದ. ಗಿರಾಕಿಗಳ ಮುಂದೆ ಹೇಳುವ ಹಾಗೇ ನಿಲ್ಲದೆ ಹೇಳಿದ. ಅತ್ತಿಗೆ ಅವನ ಕೈಯಿಂದ ಫೋನ್ ತೆಗೆದುಕೊಂಡು ಕರಡಿಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದುದನ್ನು ಓದಿದಳು. ಇವತ್ತಿನ ತಾರೀಖು, ಮಧ್ಯಾಹ್ನದ ಹೊತ್ತು. ಡುಮ್ಮಿ ನಿದ್ದೆ ಮಾಡುವ ಹೊತ್ತು.

ಅವಳು ಜಗಳವಾಡುತ್ತಾಳೆ ಎಂದುಕೊಂಡೆ. ಆಡಲಿಲ್ಲ. ಅಮ್ಮನ ಮುಖ ನೋಡಿದಳು. ಆಮೇಲೆ ಬಡಿಸಲು ಹೊರಟ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸಿದಳು. ಎಷ್ಟೋ ದಿನದ ಮೇಲೆ ಅಮ್ಮನ ತಟ್ಟೆಗೆ ಮೊದಲು ಬಡಿಸಿದಳು.

ಮರುದಿನ ಅತ್ತಿಗೆ ನನಗೆ ಫೋನ್ ಮಾಡಿ ಕಾಲೇಜಿನಿಂದ ನೇರ ಕೊರಿಯರ್ ಆಫೀಸಿಗೆ ಬಾ ಎಂದಳು. ಹೋದರೆ ಅರ್ಧ ದಿನದ ರಜೆ ಬರೆದುಕೊಟ್ಟು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಎಲ್ಲಿಗೆ ಎಂದೆ. ನಿಮ್ಮಣ್ಣನ ಅಂಗಡಿಗೆ ಎಂದಳು. ಯಾಕೆ ಎಂದೆ. ಮಧ್ಯಾಹ್ನ ಆ ಹಲಗೆ ಹಚ್ಚುವ ಜಾಗ ಇನ್ನೆಲ್ಲಿದೆ ಎನ್ನುತ್ತ ರಸ್ತೆ ದಾಟಿಬಿಟ್ಟಳು. ಅವಳ ಹಿಂದೆ ನಾನು ಓಡಿದೆ.

ಅಂಗಡಿಯ ಎರಡನೇ ಮಹಡಿಯಲ್ಲಿ ವಾಷಿಂಗ್ ಮಷೀನುಗಳು ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ನಾವೂ ನಿಂತೆವು. ಒಂದು ಕಡೆ ಮಿಕ್ಸಿ ತಿರುಗಿಸಿ ತೋರಿಸುತ್ತಿದ್ದರು, ಇನ್ನೊಂದು ಕಡೆ ಹತ್ತು ಟಿವಿಗಳಲ್ಲಿ ಹತ್ತು ಥರದ ಗಲಾಟೆ. ಮೂಲೆಯಲ್ಲಿ ಮಕ್ಕಳ ಸಾಮಾನಿನ ಜಾಗ. ಅಲ್ಲಿ ಮೇಜಿನ ಮೇಲೆ ನಮ್ಮ ಟೀಚರಮ್ಮನಂಥದ್ದೇ ಹಲಗೆ, ಎದುರಿಗೆ ದೊಡ್ಡ ಟಿವಿ. ಹಲಗೆಯ ಮುಂದೆ ಶಾಲೆಯ ಯೂನಿಫಾರ್ಮಿನಲ್ಲಿದ್ದ, ಎರಡು ಜಡೆಯ ಹುಡುಗಿಯೊಬ್ಬಳು. ಏಳೋ ಎಂಟೋ ವರ್ಷವಿರಬೇಕು. ಅವಳ ತಂದೆತಾಯಿ ಕಂಕುಳಲ್ಲಿ ಪುಟ್ಟ ಕೂಸು ಹಿಡಿದುಕೊಂಡು ಅಣ್ಣನ ಮಾತು ಕೇಳುತ್ತಿದ್ದರು. ಅಣ್ಣನ ಬೆನ್ನು ನಮ್ಮ ಕಡೆಗಿತ್ತು.

ಟಿವಿಯ ಪರದೆ ಕಪ್ಪಾಯಿತು. ಹಸು ಕೂಗಿತು. ಹುಡುಗಿ ಕೆಂಪು ಗುಂಡಿಗೆ ಗುದ್ದಿದಳು. ಬೆಕ್ಕು ಕೂಗಿತು. ನೀಲಿಗೆ ಗುದ್ದಿದಳು. ಪರದೆಯ ತುಂಬ ಬಲೂನುಗಳು ಎದ್ದವು, ಕರಡಿ ಕುಣಿಯಿತು.

"ಭೇಷ್, ಡುಮ್ಮಿ," ಎಂದಳು ಟೀಚರಮ್ಮ.

ನನಗೆ ಒಂದು ಕ್ಷಣ ನಗು ಬಂತು. ಅತ್ತಿಗೆ ನನ್ನ ಮುಂಗೈ ಹಿಡಿದಿದ್ದಳು. ಅವಳ ಉಗುರು ನಾಟುತ್ತಿತ್ತು.

"ಇದೇ ನನ್ನ ಮಗಳ ಅಂಕ ಸಾರ್," ಎಂದು ಅಣ್ಣ ಗಿರಾಕಿಗೆ ಫೋನ್ ತೋರಿಸಿ ಹೇಳುತ್ತಿದ್ದ. "ಯಾವುದೋ ಮಗು ಅಲ್ಲ, ಸ್ವಂತ ಮಗಳು."

ಅತ್ತಿಗೆ ವಾಷಿಂಗ್ ಮಷೀನುಗಳ ಸಾಲು ದಾಟಿ ಹೋದಳು. ಅಣ್ಣನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ದನಿ ಸ್ವಲ್ಪವೂ ಏರಿಸದೆ, "ರೀ," ಎಂದಳು.

ಅಣ್ಣ ತಿರುಗಿದ.

"ನೋಡಿ, ಇಷ್ಟು ಗಲಾಟೆಯಲ್ಲೂ ತಿರುಗಿದ್ರಿ," ಎಂದಳು ಅತ್ತಿಗೆ.

ಅಷ್ಟೇ ಹೇಳಿದ್ದು. ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ತನ್ನ ಹಿಂದಿದ್ದ ಟಿವಿಯಲ್ಲಿ ಇನ್ನೂ ಕುಣಿಯುತ್ತಿದ್ದ ಕರಡಿಯನ್ನು ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಿರಾಕಿಗಳಿಗೆ ಒಂದು ನಿಮಿಷ ಎಂದು ಹೇಳಿ ನಮ್ಮನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಬಂದ.

ಪ್ರದರ್ಶನಕ್ಕಿಟ್ಟ ಹಲಗೆ ಯಾವುದಾದರೊಂದು ಮಗುವಿನ ಹೆಸರು ಹಾಕದೆ ಶುರುವಾಗುವುದಿಲ್ಲವಂತೆ. ಮೊದಲ ದಿನ ಗಿರಾಕಿ ಕಾಯುತ್ತಿದ್ದ. ಅಣ್ಣನ ಫೋನಿನಲ್ಲಿ ಒಂದು ಹೆಸರು ಆಗಲೇ ಇತ್ತು. ಅದನ್ನೇ ಹಾಕಿದ. ಅಂಗಡಿಯಲ್ಲಿ ಆಡಿದ್ದು ಮನೆಯ ಲೆಕ್ಕಕ್ಕೆ ಸೇರುತ್ತದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದ. ಬಂದ ಮಕ್ಕಳೆಲ್ಲ, ಅವರ ಅಕ್ಕ ಅಣ್ಣಂದಿರೆಲ್ಲ ಒತ್ತಿ ಹೋಗುತ್ತಿದ್ದರು. ಅದರಲ್ಲಿ ಅತಿ ಒಳ್ಳೆಯದನ್ನು ಟೀಚರಮ್ಮ ಆರಿಸಿ ಕಳಿಸುತ್ತಿದ್ದಳು. ಅದನ್ನು ತೋರಿಸಿ ಅಣ್ಣ ಇನ್ನಷ್ಟು ಪೆಟ್ಟಿಗೆ ಮಾರುತ್ತಿದ್ದ.

"ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣೇ."

"ಗೊತ್ತಿರ್ಲಿಲ್ವಾ, ಗೊತ್ತು ಮಾಡ್ಕೊಳ್ಳೋದು ಬೇಡ ಅನ್ನಿಸಿತ್ತಾ?"

ಅಣ್ಣ ಮೆಟ್ಟಿಲ ಕಂಬಿ ಹಿಡಿದುಕೊಂಡ. ಅತ್ತಿಗೆಯ ದನಿ ಇಳಿಯಿತು.

"ನನ್ನನ್ನೂ ಸೇರಿಸಿ ಕೇಳ್ತಿದೀನಿ," ಎಂದಳು.

ಅವತ್ತು ಸಂಜೆ ಅಣ್ಣ ಬೇಗ ಬಂದ. ವೈರು ಸಿಕ್ಕಿಸಿದವನೂ ಅವನೇ. ಅಪ್ಪ ಎಂದಿನಂತೆ ಡುಮ್ಮಿಯನ್ನು ತೊಡೆಗೆ ತೆಗೆದುಕೊಳ್ಳಲು ಕೈ ಚಾಚಿದ. ಅತ್ತಿಗೆ ಬೇಡ ಮಾವ ಎಂದು ಕೈ ಆಡಿಸಿ ಡುಮ್ಮಿಯನ್ನು ಚಾಪೆಯ ನಡುವೆ ಒಬ್ಬಳನ್ನೇ ಕೂರಿಸಿದಳು. ನಾವು ಐದೂ ಜನ ಸುತ್ತ ಕೂತೆವು. ಯಾರೂ ಮುಟ್ಟಬಾರದು, ಯಾರೂ ತೋರಿಸಬಾರದು ಎಂದು ಅತ್ತಿಗೆ ಹೇಳಿದಳು.

ಮೊದಲು ನೋಡುವ ಪಾಠ. ಹಸು ಬಂತು, ಡುಮ್ಮಿ ಎರಡೂ ಕೈಯಿಂದ ಕೆಂಪು ಗುಂಡಿಯ ಮೇಲೆ ಬಿದ್ದಳು. ಕೋಳಿ ಬಂತು, ಹಸಿರು. ಒಂದೆರಡು ತಪ್ಪಿದವು, ಉಳಿದವು ಸರಿ. ಆ ಅಂಕ ಅವಳದೇ ಆಗಿತ್ತು. ಅಣ್ಣನ ಮುಖ ಅರಳಿತು. ಅಮ್ಮನೂ ತಲೆದೂಗಿದಳು.

ಆಮೇಲೆ ಪರದೆ ಕಪ್ಪಾಯಿತು. ನಾಯಿ ಬೊಗಳಿತು.

ಡುಮ್ಮಿ ಪರದೆ ನೋಡಿದಳು. ಚಿತ್ರ ಬರಲಿಲ್ಲ. ತಿರುಗಿ ನಮ್ಮಮ್ಮನ ಮುಖ ನೋಡಿದಳು, ಅಲ್ಲಿಂದ ಅಪ್ಪನ ಮುಖ, ಅಲ್ಲಿಂದ ನನ್ನದು. ಮತ್ತೆ ನಾಯಿ ಬೊಗಳಿತು. ಅಣ್ಣನ ಗಲ್ಲ ತನಗರಿವಿಲ್ಲದೆಯೇ ಹಳದಿ ಗುಂಡಿಯ ಕಡೆ ವಾಲಿತು. ಡುಮ್ಮಿಯ ಕಣ್ಣು ಅದನ್ನು ಹಿಡಿಯಿತು. ಕೈ ಹಳದಿಯ ಕಡೆ ಹೋಯಿತು.

"ಮುಖ ಆಚೆ ತಿರುಗಿಸ್ರಿ," ಎಂದಳು ಅತ್ತಿಗೆ.

ನಾವೆಲ್ಲ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತೆವು. ಬೆಕ್ಕು ಕೂಗಿತು, ಹಸು ಕೂಗಿತು, ಮತ್ತೆ ಕೋಳಿ. ಪರವಾಗಿಲ್ಲ ಕಂದ, ಇನ್ನೊಮ್ಮೆ ನೋಡು ಎಂದು ಟೀಚರಮ್ಮ ಪ್ರತಿ ಸಲವೂ ಅದೇ ಸಕ್ಕರೆಯ ದನಿಯಲ್ಲಿ ಹೇಳಿದಳು. ನನ್ನ ಬೆನ್ನಿಗೆ ಏನೋ ತಗುಲಿತು. ಡುಮ್ಮಿ ತೆವಳಿಕೊಂಡು ಬಂದು ನನ್ನ ಬೆನ್ನು ಹಿಡಿದು ನಿಂತು ಹೆಗಲ ಮೇಲೆ ಕೈಯಿಟ್ಟಿದ್ದಳು. ನಮ್ಮ ಮನೆಯಲ್ಲಿ ಕರೆಯುವುದು ಹಾಗೆ. ನಾನು ತಿರುಗಿದ ಕೂಡಲೇ ನಕ್ಕಳು.

ಅಣ್ಣ ಎದ್ದು ಯಂತ್ರ ಆರಿಸಿದ. ಅಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದು ಅಮ್ಮನ ಹತ್ತಿರ ಕಣ್ಣು ನಿಲ್ಲಿಸಿದ.

"ಅವಳಿಗೂ ನನ್ನ ಥರಾನಾ?"

ಅಮ್ಮ ಡುಮ್ಮಿಯ ಕಡೆ ನೋಡಿದಳು.

"ಆದ್ರೇನಾಯ್ತು?" ಎಂದ ಅಪ್ಪ. "ನಾನು ಬದುಕಿಲ್ವಾ? ಸಂಸಾರ ಮಾಡಿಲ್ವಾ?"

ಅಮ್ಮ ಎದ್ದು ಅವನ ಎದುರಿಗೆ ಬಂದು, ಬಾಯಿ ಸರಿಯಾಗಿ ಕಾಣುವ ಹಾಗೆ ಕೂತು, ನಿಧಾನವಾಗಿ ಹೇಳಿದಳು. "ನೀವು ಮಾತು ಕಲಿತ ಮೇಲೆ ನಿಮ್ಮ ಕಿವಿ ಹೋಯ್ತು. ಇವಳು ಇನ್ನೂ ಕಲೀಬೇಕು. ಈಗ ಗೊತ್ತಾದ್ರೆ ಏನಾದ್ರೂ ಮಾಡ್ತಾರೆ. ಎರಡು ವರ್ಷ ಬಿಟ್ಟು ಗೊತ್ತಾದ್ರೆ?"

ಅಪ್ಪ ಅದನ್ನು ಪೂರ್ತಿ ಓದಿಕೊಂಡ. ಆಮೇಲೆ ಡುಮ್ಮಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅಣ್ಣನ ಕಡೆ ನೋಡಿ, ಫೋನ್ ಮಾಡು ಎಂದು ಕೈಸನ್ನೆ ಮಾಡಿದ.

ಅತ್ತಿಗೆಯ ಆಫೀಸಿನವರೊಬ್ಬರು ಕೊಟ್ಟಿದ್ದ ಕಿವಿ ಆಸ್ಪತ್ರೆಯ ನಂಬರಿತ್ತು. ಅಣ್ಣ ಸ್ಪೀಕರ್ ಹಾಕಿ ಫೋನನ್ನು ಚಾಪೆಯ ಮೇಲಿಟ್ಟ. ಆ ಕಡೆಯ ಹೆಂಗಸು ಮಗುವಿನ ವಯಸ್ಸು ಕೇಳಿದಳು, ಏನು ತೊಂದರೆ ಎಂದು ಕೇಳಿದಳು. ಎಂಥ ಗಿರಾಕಿಯ ಮುಂದೆಯೂ ನಿಲ್ಲದ ನನ್ನ ಅಣ್ಣನ ಮಾತು ಅಲ್ಲಿ ನಿಂತಿತು. ಅತ್ತಿಗೆ ಅವನ ಹೆಗಲು ಮುಟ್ಟಿದಳು.

"ಮಗುಗೆ ಕಿವಿ ಕೇಳಿಸ್ತಿಲ್ಲ ಅನ್ಸುತ್ತೆ ಮೇಡಂ," ಎಂದ ಅಣ್ಣ. "ಪರೀಕ್ಷೆ ಮಾಡಿಸ್ಬೇಕು."

ಮಗು ನಿದ್ದೆಯಲ್ಲಿದ್ದಾಗ ಮಾಡುವ ಪರೀಕ್ಷೆ ಅದು ಎಂದು ಅವಳು ಹೇಳಿದಳು. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ, ಇಲ್ಲಿಗೆ ಬಂದ ಮೇಲೆ ಹಾಲು ಕೊಟ್ಟು ಮಲಗಿಸಿ. ಬಸ್ಸು ಹತ್ತಿದರೆ ಸಾಕು ನಿದ್ದೆ ಮಾಡಿಬಿಡುತ್ತಾಳೆ ಎಂದು ಅತ್ತಿಗೆ ಗೊಣಗಿದಳು. ದಾರಿಯುದ್ದಕ್ಕೂ ಎಚ್ಚರವಾಗಿಡುವ ಕೆಲಸ ನನ್ನದು ಎಂದೆ. ನಿನ್ನನ್ನು ಎಚ್ಚರವಾಗಿಡುವವರು ಯಾರು ಎಂದಳು ಅಮ್ಮ. ತಾನೇ ಬರುವುದಾಗಿಯೂ ಹೇಳಿದಳು. ಅಲ್ಲಿ ಸರಿಯಾದ ಮಷೀನೇ ಹಾಕುತ್ತಾರೋ ಇಲ್ಲವೋ ಯಾರಿಗೆ ಗೊತ್ತು.

"ಮಗುದು ಹಳೇ ರಿಪೋರ್ಟ್ ಏನಾದ್ರೂ ಇದ್ಯಾ?" ಎಂದು ಫೋನಿನಲ್ಲಿದ್ದವಳು ಕೇಳಿದಳು. "ಇದಕ್ಕೆ ಮುಂಚೆ ಎಲ್ಲಾದ್ರೂ ಕೇಳೋದನ್ನ ಟೆಸ್ಟ್ ಮಾಡಿಸಿದ್ರಾ?"

ಎಲ್ಲರೂ ಅಣ್ಣನ ಕಡೆ ನೋಡಿದೆವು. ಡುಮ್ಮಿಯೂ ನೋಡಿದಳು, ಅವನ ಬಾಯಿಯನ್ನೇ.

"ಇಲ್ಲ ಮೇಡಂ," ಎಂದ ಅಣ್ಣ. "ಯಾವ ರಿಪೋರ್ಟೂ ಇಲ್ಲ."

"ಸರಿ ಹಾಗಾದ್ರೆ. ನಾಳೆ ಹನ್ನೊಂದು ಗಂಟೆಗೆ ಬನ್ನಿ."